ಮೀಥೈಲ್ ಗುರುತು ಹಿಡಿಯುವ ಪ್ರತಿಕಾಯ

ನಿಮ್ಮ ಯಕೃತ್ತಿನ ಕೋಶದಲ್ಲೂ ಮಿದುಳಿನ ಕೋಶದಲ್ಲೂ ಇರುವ ಡಿಎನ್‌ಎ ಒಂದೇ. ಆದರೂ ಎರಡರ ಕೆಲಸ ಬೇರೆ ಬೇರೆ. ಯಾವ ಜೀನು ಎಲ್ಲಿ ಸುಮ್ಮನಿರಬೇಕೆಂದು ನಿರ್ಧರಿಸುವ ಏರ್ಪಾಡುಗಳಲ್ಲಿ ಡಿಎನ್‌ಎ ಮೀಥೈಲೀಕರಣವೂ ಒಂದು. ಸೈಟೊಸಿನ್ ಪ್ರತ್ಯಾಮ್ಲದ ಐದನೆಯ ಕಾರ್ಬನ್ನಿನಲ್ಲಿದ್ದ ಹೈಡ್ರೊಜನ್ ಹೋಗಿ, ಅಲ್ಲಿ ಮೀಥೈಲ್ ಗುಂಪು ಬಂದು ಕೂರುತ್ತದೆ, ಅಷ್ಟೆ. ಅಣುತೂಕ 111ರಿಂದ 125ಕ್ಕೆ ಏರುತ್ತದೆ. ಇಷ್ಟು ಚಿಕ್ಕ ವ್ಯತ್ಯಾಸವನ್ನು ಕೋಟಿಗಟ್ಟಲೆ ಪ್ರತ್ಯಾಮ್ಲಗಳ ನಡುವೆ ಪತ್ತೆಮಾಡುವುದು ಹೇಗೆ?

ಪ್ರತಿಕಾಯಗಳಿಗೆ ಈ ಸಾಮರ್ಥ್ಯವಿದೆ. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಇಲಿಯ ಗುಲ್ಮದ ಕೋಶಗಳನ್ನು ಮೈಲೋಮ ಎಂಬ ಕ್ಯಾನ್ಸರ್ ಕೋಶಗಳೊಡನೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ಎಡೆಬಿಡದೆ ತಯಾರಿಸುವ ಕೋಶಸಂತತಿಯನ್ನು ಪಡೆದರು. ಇದೇ ಮೊನೊಕ್ಲೋನಲ್ ಪ್ರತಿಕಾಯ. 1984ರಲ್ಲಿ ಅವರಿಗೆ ನೊಬೆಲ್ ಬಂತು. ಮೀಥೈಲ್ ಸೈಟೊಸಿನ್ನಿನಂಥ ಪುಟ್ಟ ಅಣು ತಾನಾಗಿ ಇಲಿಯ ರೋಗರಕ್ಷಣಾ ವ್ಯವಸ್ಥೆಯನ್ನು ಕೆರಳಿಸದು. ಆದ್ದರಿಂದ ಅದನ್ನು ದೊಡ್ಡದೊಂದು ಪ್ರೋಟೀನಿಗೆ ಜೋಡಿಸಿ ಚುಚ್ಚುತ್ತಾರೆ. ಹಲವು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ 33ಡಿ3 ಇಂಥದೊಂದು ಪ್ರತಿಕಾಯ.

ಇದನ್ನು ಗಾಳದಂತೆ ಬಳಸುವ ವಿಧಾನವನ್ನು 2005ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವೆಬರ್, ಶುಬೆಲರ್ ಮತ್ತು ಸಂಗಡಿಗರು ಪ್ರಕಟಿಸಿದರು. ಮೊದಲು ಡಿಎನ್‌ಎಯನ್ನು ಕೆಲವು ನೂರು ಪ್ರತ್ಯಾಮ್ಲಗಳಷ್ಟು ಉದ್ದದ ತುಂಡುಗಳನ್ನಾಗಿ ಒಡೆಯಬೇಕು. ಆಮೇಲೆ ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತಕ್ಷಣ ಮಂಜುಗಡ್ಡೆಯಲ್ಲಿಡಬೇಕು. ಈ ಹೆಜ್ಜೆ ಏಕೆಂದು ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಜೋಡಿ ಎಳೆಯಲ್ಲಿ ಪ್ರತ್ಯಾಮ್ಲಗಳು ಒಂದರ ಮೇಲೊಂದು ಒತ್ತಾಗಿ ಕೂತಿರುತ್ತವೆ, ಪ್ರತಿಕಾಯದ ಹಿಡಿತಕ್ಕೆ ಸರಿಯಾಗಿ ಸಿಗುವುದಿಲ್ಲ. ಎಳೆಗಳು ಬೇರೆಯಾದರೆ ಮಾತ್ರ ಸಿಗುತ್ತವೆ. ಕಾಯಿಸಿ ನಿಧಾನವಾಗಿ ಆರಲು ಬಿಟ್ಟರೆ ಎಳೆಗಳು ಮತ್ತೆ ಜೋಡಿಯಾಗುತ್ತವೆ, ದಿನದ ಕೆಲಸ ವ್ಯರ್ಥ! ಪ್ರತಿಕಾಯ ಹಿಡಿದ ತುಂಡುಗಳನ್ನು ಕಾಂತೀಯ ಮಣಿಗಳಿಂದ ಸೆಳೆದು, ತೊಳೆದು, ಪ್ರೋಟೀನನ್ನು ಕಿಣ್ವದಿಂದ ಕರಗಿಸಿ, ಉಳಿದ ಡಿಎನ್‌ಎಯ ಅನುಕ್ರಮವನ್ನು ಓದುತ್ತಾರೆ.

ಈ ವಿಧಾನ ಒಂದೊಂದು ಸೈಟೊಸಿನ್ನನ್ನೂ ಬೇರೆಯಾಗಿ ತೋರಿಸದು. ಅದಕ್ಕೆ ಬೈಸಲ್ಫೈಟ್ ವಿಧಾನವೇ ಮೇಲು. ಆದರೆ ಬೈಸಲ್ಫೈಟಿಗೆ ಮೀಥೈಲ್ ಸೈಟೊಸಿನ್ನಿಗೂ ಹೈಡ್ರಾಕ್ಸಿಮೀಥೈಲ್ ಸೈಟೊಸಿನ್ನಿಗೂ ಭೇದ ತಿಳಿಯದು. ಒಳ್ಳೆಯ ಪ್ರತಿಕಾಯಕ್ಕೆ ತಿಳಿಯುತ್ತದೆ.

ಹಾಗೆಂದು ಪ್ರತಿಕಾಯ ಹಿಡಿದದ್ದೆಲ್ಲ ಮೀಥೈಲ್ ಎನ್ನುವಂತಿಲ್ಲ. 2018ರಲ್ಲಿ ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ದತ್ತಾಂಶಗಳನ್ನು ಮತ್ತೆ ಜಾಲಾಡಿದರು. ಡಿಎನ್‌ಎಯ ಬೇರೆ ಬೇರೆ ಗುರುತುಗಳನ್ನು ಹುಡುಕಿದ ಪ್ರಯೋಗಗಳಲ್ಲಿ 'ಗುರುತಿದೆ' ಎಂದು ತೋರಿದ್ದ ಪ್ರದೇಶಗಳ ಪೈಕಿ ಶೇಕಡಾ 50ರಿಂದ 99 ಸುಳ್ಳು! ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ಅನುಕ್ರಮಗಳಿಗೆ, ಅಲ್ಲಿ ಗುರುತು ಇರಲಿ ಬಿಡಲಿ, ಐಜಿಜಿ ವರ್ಗದ ಪ್ರತಿಕಾಯಗಳು ಅಂಟಿಕೊಳ್ಳುತ್ತವೆ. ಗುರುತು ವಿರಳವಾದಷ್ಟೂ ಈ ಮೋಸದ ಪಾಲು ಹೆಚ್ಚು.

ಇಷ್ಟು ವರ್ಷ ಇದು ಕಣ್ಣಿಗೆ ಬೀಳದೆ ಹೋದದ್ದೇಕೆ? ಬಹುಮಂದಿ ಹೋಲಿಕೆಗೆ ಇಟ್ಟುಕೊಂಡದ್ದು ಪ್ರತಿಕಾಯವನ್ನೇ ಸೇರಿಸದ ಮೂಲ ಡಿಎನ್‌ಎಯನ್ನು. ಪ್ರತಿಕಾಯದ ತಪ್ಪು ಅದರಲ್ಲಿ ಕಾಣುವುದಾದರೂ ಹೇಗೆ? ಮೀಥೈಲಿಗೆ ಸಂಬಂಧವೇ ಇಲ್ಲದ ಐಜಿಜಿಯೊಂದನ್ನು ಇನ್ನೊಂದು ನಳಿಕೆಗೆ ಹಾಕಿ, ಅದೇ ಮಾದರಿಯನ್ನು ಅದೇ ರೀತಿ ಕಾಯಿಸಿ, ತೊಳೆದು, ಓದಬೇಕು. ಎರಡರಲ್ಲೂ ಕಂಡದ್ದನ್ನು ಬಿಟ್ಟುಬಿಡಬೇಕು. ಇಂಥ ಪ್ರಬಂಧ ನಿಮ್ಮ ಕೈಗೆ ಬಂದಾಗ ನಕ್ಷೆ ನೋಡುವ ಮೊದಲು ಆ ಎರಡನೆಯ ನಳಿಕೆ ಇತ್ತೇ ಎಂದು ಹುಡುಕಿ.