ಊರಿಗೆ ಹೊರಡುವ ಮುನ್ನ ಪ್ಲಗ್ ಕಿತ್ತಿಡಿ

ಕೋಪರಿ: ಮೇ ತಿಂಗಳು ಬಂತೆಂದರೆ ಠಾಣೆ ಪೂರ್ವದ ಕೋಪರಿಯಿಂದ ಹಿಡಿದು ಡೊಂಬಿವಲಿ, ಕಲ್ಯಾಣ್, ನವಿಮುಂಬಯಿವರೆಗಿನ ತುಳು-ಕನ್ನಡಿಗರಿಗೆ ಊರಿನ ಸೆಳೆತ. ಮಕ್ಕಳಿಗೆ ರಜೆ, ಊರಲ್ಲಿ ಮದುವೆ, ಗೃಹಪ್ರವೇಶ, ನೇಮ. ಗ್ಯಾಸ್ ಬಂದ್ ಮಾಡಿ, ನಳ್ಳಿ ನೋಡಿ, ಬಾಗಿಲಿಗೆ ಎರಡು ಬೀಗ ಜಡಿದು ರೈಲು ಹತ್ತುವವರು ಮರೆಯುವುದು ಟಿವಿಯ ಪ್ಲಗ್ ಅನ್ನು. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಕೆಲವೇ ದಿನಗಳಲ್ಲಿ ಇಲ್ಲಿಯೂ ಮಳೆಗಾಲದ ಮುನ್ನುಡಿಯಾಗಿ ಗುಡುಗು-ಸಿಡಿಲು ಆರಂಭ.

'ಸ್ವಿಚ್ ಆಫ್ ಮಾಡಿದ್ದೇವಲ್ಲ' ಎಂಬ ಸಮಾಧಾನ ಸಾಲದು. ಸ್ವಿಚ್ಚಿನೊಳಗಿನ ಅಂತರ ಕೆಲವೇ ಮಿಲಿಮೀಟರ್. ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬರುವ ಸಿಡಿಲಿಗೆ ಅದು ತಡೆಯೇ ಅಲ್ಲ. ಮನೆಯ ದೊಡ್ಡ ಪ್ಲಗ್ಗಿನ ಸಾಮರ್ಥ್ಯ 16 ಆಂಪಿಯರ್. ಸಾಮಾನ್ಯ ಸಿಡಿಲೊಂದರಲ್ಲಿ ಹರಿಯುವುದು ಸುಮಾರು 30 ಸಾವಿರ ಆಂಪಿಯರ್. ಅದು ಕಟ್ಟಡಕ್ಕೇ ಬಡಿಯಬೇಕೆಂದಿಲ್ಲ. ಹತ್ತಿರದಲ್ಲಿ ಬಿದ್ದರೂ ವಿದ್ಯುತ್, ಕೇಬಲ್ ಹಾಗೂ ದೂರವಾಣಿ ತಂತಿಗಳಲ್ಲಿ ಅಧಿಕ ವೋಲ್ಟೇಜ್ ಹುಟ್ಟಿ ಮನೆಯೊಳಗೆ ನುಗ್ಗುತ್ತದೆ. ಆದ್ದರಿಂದ ಟಿವಿಯ ಪ್ಲಗ್ ಜತೆ ಕೇಬಲ್ ತಂತಿಯನ್ನೂ ಬಿಡಿಸಿಡಬೇಕು. ಫ್ರಿಜ್ ಖಾಲಿ ಮಾಡಿ, ಪ್ಲಗ್ ಕಿತ್ತು, ಬಾಗಿಲು ತುಸು ತೆರೆದಿಡುವುದು ಒಳಿತು.

ಸಿಡಿಲಷ್ಟೇ ಶತ್ರುವಲ್ಲ

ಹಳೆಯ ಕಟ್ಟಡಗಳಲ್ಲಿ ಸಿಡಿಲಿಗಿಂತ ಸದ್ದಿಲ್ಲದೆ ಕಾಡುವ ಅಪಾಯ ಮೀಟರ್ ಪೆಟ್ಟಿಗೆಯ ಸಡಿಲ ನ್ಯೂಟ್ರಲ್ ತಂತಿ. ಮೂರು ಫೇಸ್‌ಗಳಿಗೆ ಸಮಾನವಾದ ಈ ತಂತಿ ತುಕ್ಕು ಹಿಡಿದು ಕಳಚಿದರೆ, 230 ವೋಲ್ಟ್ ಬರಬೇಕಾದ ಕೆಲವು ಮನೆಗಳಿಗೆ 400ರ ಸಮೀಪ ಬರಬಹುದು. ದೀಪ ಇದ್ದಕ್ಕಿದ್ದಂತೆ ಪ್ರಖರವಾದರೆ, ಫ್ಯಾನ್ ಅತಿಯಾಗಿ ತಿರುಗಿದರೆ ಅದೇ ಸೂಚನೆ. ಆಗ ತಡಮಾಡದೆ ಮೇನ್ ಸ್ವಿಚ್ ಆರಿಸಬೇಕು.

ಹೋದ ಕರೆಂಟು ಮರಳಿ ಬರುವಾಗಲೂ ಎಚ್ಚರ ಬೇಕು. 2020ರ ಅಕ್ಟೋಬರ್ 12ರಂದು ಬೆಳಗ್ಗೆ ಕಳವಾ-ಪಡಘಾ ಹೈಟೆನ್ಶನ್ ಮಾರ್ಗದ ದೋಷದಿಂದ ಮುಂಬಯಿ, ಠಾಣೆ, ನವಿಮುಂಬಯಿಗಳಲ್ಲಿ ಏಕಕಾಲಕ್ಕೆ ವಿದ್ಯುತ್ ಹೋದದ್ದನ್ನು ಯಾರೂ ಮರೆತಿಲ್ಲ. ಇಂತಹ ಸಂದರ್ಭದಲ್ಲಿ ಉಪಕರಣಗಳನ್ನು ಆರಿಸಿಟ್ಟು, ಕರೆಂಟು ಬಂದು ಐದು-ಹತ್ತು ನಿಮಿಷ ಸ್ಥಿರವಾದ ಬಳಿಕ ಒಂದೊಂದಾಗಿ ಹಾಕಬೇಕು.

ಅರ್ತಿಂಗ್ ಇದೆಯೇ?

ಅಂಗಡಿಯಲ್ಲಿ 'ಸ್ಪೈಕ್ ಗಾರ್ಡ್' ಎಂದು ಕೊಡುವ ಎಲ್ಲ ಪೆಟ್ಟಿಗೆಗಳೂ ರಕ್ಷಣೆ ನೀಡವು. ಹಲವು ಬರೀ ಎಕ್ಸ್‌ಟೆನ್ಶನ್ ಬೋರ್ಡುಗಳು. ಸರ್ಜ್ ರಕ್ಷಣೆಯ ಪ್ರಮಾಣ ನಮೂದಿಸಿದ್ದನ್ನೇ ಕೇಳಿ ಪಡೆಯಬೇಕು. ಅದರೊಳಗಿನ ಬಿಡಿಭಾಗ ಪ್ರತಿ ಹೊಡೆತಕ್ಕೂ ಸವೆಯುವುದರಿಂದ ಅದು ಚಿರಾಯುವಲ್ಲ. ಮೀಟರ್ ಬೋರ್ಡಿನಲ್ಲೇ ಸರ್ಜ್ ರಕ್ಷಕ ಅಳವಡಿಸುವುದು ಇನ್ನೂ ಉತ್ತಮ. ಆದರೆ ಅರ್ತಿಂಗ್ ಸರಿಯಿಲ್ಲದಿದ್ದರೆ ಇವು ಪೂರ್ಣ ಫಲ ನೀಡವು. ಹಿಂದೆ ಅನೇಕ ಕಡೆ ಅರ್ತ್ ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತುತ್ತಿದ್ದರು. ಪೈಪು ಪ್ಲಾಸ್ಟಿಕ್ ಆದ ದಿನವೇ ಅಂತಹ ಮನೆಯ ಅರ್ತಿಂಗ್ ಹೋಯಿತು! ಜೀವ ಉಳಿಸುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇರೆ, ಟಿವಿ ಉಳಿಸುವ ಸರ್ಜ್ ರಕ್ಷಕ ಬೇರೆ, ಎರಡೂ ಬೇಕು. ಇದು ಒಬ್ಬರ ಮನೆಯಿಂದ ಮುಗಿಯುವ ಕೆಲಸವಲ್ಲ. ಮಳೆಗೆ ಮುನ್ನ ಪರವಾನಿಗೆಯುಳ್ಳ ಎಲೆಕ್ಟ್ರಿಷಿಯನ್‌ನಿಂದ ಮೀಟರ್ ಕೋಣೆಯ ತಪಾಸಣೆ ಮಾಡಿಸುವಂತೆ ಸೊಸೈಟಿಯ ಸಭೆಯಲ್ಲಿ ಕೇಳಬೇಕಾದವರು ಸದಸ್ಯರೇ.

ಊರಿನ ಮನೆಯಲ್ಲಿ ವೃದ್ಧ ತಂದೆ-ತಾಯಿ ಇದ್ದರೆ ಅವರಿಗೊಂದು ಮಾತು ಹೇಳಿಬರುವುದು ಅಗತ್ಯ. ಪ್ಲಗ್ ಕೀಳುವುದು ಮೋಡ ಕವಿಯುವಾಗಲೇ ಆಗಬೇಕು. ಸಿಡಿಲು ಆರ್ಭಟಿಸುವಾಗ ಪ್ಲಗ್, ತಂತಿ ಮುಟ್ಟಕೂಡದು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನೊಳಗೇ ಇದೆ ಎಂದರ್ಥ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಂಗಳ, ತೋಟಕ್ಕೆ ಇಳಿಯಬಾರದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಆ್ಯಪ್ ಮೊಬೈಲಿನಲ್ಲೇ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ರಜೆಯಲ್ಲಿ ಹೋದ ಮೊಮ್ಮಕ್ಕಳು ಅದನ್ನು ಅಜ್ಜನ ಮೊಬೈಲಿಗೆ ಹಾಕಿಕೊಟ್ಟರೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಡ. ಟಿವಿ ಸುಟ್ಟರೆ ಕಂತಿನಲ್ಲಿ ಇನ್ನೊಂದು ತರಬಹುದು, ಜೀವಕ್ಕೆ ಕಂತಿಲ್ಲ.