ತೆಂಗಿನ ಆರೈಕೆ ಗುಲ್‌ಮೊಹರಿಗೆ ಒಗ್ಗದು

ಕಿಬ್ಬನಹಳ್ಳಿ ಕ್ರಾಸಿನಿಂದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಯಾವ ದಿಕ್ಕಿಗೆ ಹೊರಟರೂ ತೆಂಗಿನ ತೋಟವೇ. ವರ್ಷವಿಡೀ ಹಸಿರಾಗಿರುವ ಮರ ಸಾಕಿ ರೂಢಿಯಾದವರಿಗೆ ತೋಟದ ಮನೆ ಮುಂದಿನ ಗುಲ್‌ಮೊಹರ್ ಶಿವರಾತ್ರಿ ಹೊತ್ತಿಗೆ ಬೋಳಾದರೆ ದಿಗಿಲು. ಮರ ಒಣಗಿತೆಂದು ಡ್ರಿಪ್ ಪೈಪನ್ನು ಅದರ ಬುಡಕ್ಕೂ ತಿರುಗಿಸುತ್ತಾರೆ.

ಅದು ಒಣಗಿರುವುದಿಲ್ಲ. ಎಲೆಯ ಮೂಲಕ ಆವಿಯಾಗುವ ನೀರನ್ನು ಉಳಿಸಿಕೊಳ್ಳಲು ಎಲೆಯನ್ನೇ ಕಳಚಿಕೊಂಡಿರುತ್ತದೆ. ಸಣ್ಣ ರೆಂಬೆಯನ್ನು ಉಗುರಿನಿಂದ ಗೀರಿ ನೋಡಿ. ತೊಗಟೆಯಡಿ ಹಸಿರಿದ್ದರೆ ಜೀವವಿದೆ. ಎಳೆ ಸಸಿಗೆ ಮೊದಲ ಬೇಸಿಗೆಗಳಲ್ಲಿ ನೀರು ಬೇಕೇ ಬೇಕು. ಬೆಳೆದ ಮರಕ್ಕೆ ಸದಾ ತೇವ ಸಿಕ್ಕರೆ ಎಲೆ ಪೂರ್ತಿ ಉದುರುವುದಿಲ್ಲ, ಹೂವೂ ಮೈತುಂಬ ಬರುವುದಿಲ್ಲ. ‘ಗೊಬ್ಬರ ಹಾಕಿದಷ್ಟೂ ಹೂ’ ಎಂಬ ಮಾತೂ ಹಾಗೆಯೇ: ಯೂರಿಯಾ ಸುರಿದರೆ ಹೆಚ್ಚುವುದು ಸೊಪ್ಪು.

‘ಕಾಯಿ ಬಿಡುವುದು ಅವರೆ ಥರ, ಹಾಗಾಗಿ ಮಣ್ಣಿಗೆ ಸಾರಜನಕ ಕೊಡುತ್ತೆ’ ಎಂದು ತೆಂಗಿನ ಸಾಲಿನ ನಡುವೆಯೇ ನೆಡುವವರಿದ್ದಾರೆ. ಕುಟುಂಬ ಒಂದೇ, ಗುಣ ಬೇರೆ. ಬದುವಿನ ಗ್ಲಿರಿಸಿಡಿಯಾದ ಬೇರಿನಲ್ಲಿ ಸಾರಜನಕ ಹಿಡಿಯುವ ಗಂಟುಗಳಿರುತ್ತವೆ; ಗುಲ್‌ಮೊಹರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದರ ಬೇರು ಮೇಲ್ಮಣ್ಣಿನಲ್ಲೇ ಹರಡಿ ತೆಂಗಿನ ಪಾಲಿನ ನೀರಿಗೆ ಬಾಯಿ ಹಾಕುತ್ತದೆ. ಕೊಡೆಯಂಥ ನೆತ್ತಿ 40 ಅಡಿ ಅಗಲಕ್ಕೂ ಚಾಚಬಲ್ಲದು. ಅದರ ನೆರಳಿಗೆ ಸಿಕ್ಕ ತೆಂಗಿನ ಸಸಿ ಬಿಸಿಲು ಹುಡುಕುತ್ತ ವಾಲುತ್ತದೆ.

ಮನೆಯ ಪಕ್ಕ ನೆಡಬಾರದೆನ್ನುವವರು ಬೇರು ಪಾಯ ಒಡೆಯುವ ಭಯ ಹೇಳುತ್ತಾರೆ. ಬೇರು ಅಂಗಳದ ಕಲ್ಲುಚಪ್ಪಡಿ, ಕಾಂಪೌಂಡನ್ನು ಎತ್ತುವುದು ನಿಜವೇ. ನನ್ನ ಭಯ ಮಾತ್ರ ಕೊಂಬೆಯದು. ಕಟ್ಟಿಗೆ ಮೆದು, ಹೂ ತುಂಬುವುದು ಭರಣಿ, ಕೃತ್ತಿಕೆ ಮಳೆಯ ಕಾಲಕ್ಕೇ, ಆಗಲೇ ಬಿರುಗಾಳಿ. ಮನೆ, ದಾರಿ, ಕರೆಂಟ್ ತಂತಿಯಿಂದ ಕಡೇಪಕ್ಷ 30 ಅಡಿ ಬಿಡಿ. ಎಳೆಯದರಲ್ಲೇ ಒಂಟಿ ಕಾಂಡ ಉಳಿಸಿ ಸವರಿದರೆ ಕವಲು ಸೀಳುವುದು ಕಡಿಮೆ.

ಇನ್ನು ‘ನಮ್ಮ ನಾಡಿನ ಮರ’ ಎಂಬ ನಂಬಿಕೆ. ಇದರ ತವರು ಮಡಗಾಸ್ಕರ್. ನಮ್ಮಲ್ಲಿಗೆ ಬಂದದ್ದು 19ನೇ ಶತಮಾನದಲ್ಲಿ. ಬೋಳು ಕೊಂಬೆಯಲ್ಲಿ ಕೆಂಡದಂಥ ಹೂವೇ ಬೇಕೆಂದರೆ ಮುತ್ತುಗ ಇಲ್ಲಿಯದೇ. ಬೆಳವಣಿಗೆ ನಿಧಾನ, ಆದರೆ ಬೇರಿನಲ್ಲಿ ಸಾರಜನಕದ ಗಂಟೂ ಉಂಟು, ಎಲೆ ಊಟಕ್ಕೂ ಆದೀತು. ಗುಲ್‌ಮೊಹರೇ ಆಗಬೇಕೆಂದರೆ ಬೀಜದ ಸಿಪ್ಪೆ ಒಂದು ಕಡೆ ಉಜ್ಜಿ, ಬಿಸಿನೀರಿನಲ್ಲಿ ರಾತ್ರಿ ನೆನೆಸಿ ಬಿತ್ತಿ. ಹೂವಿಗೆ ನಾಲ್ಕೈದು ವರ್ಷ, ಕೆಲವೊಮ್ಮೆ ಹತ್ತು.