ಕಾಡಿನ ಮನೆಗೂ ತಲುಪುವ ದನಿ

ಓದುಗ ಸೋದರಿಯರೇ, ಗೋಡೆಯ ಮೇಲೆ ಟಿ.ವಿ., ಕೈಯಲ್ಲಿ ಮೊಬೈಲ್ ಇರುವಾಗ ರೇಡಿಯೋ ಇನ್ನೂ ಯಾಕೆ ಬೇಕು ಅಂತ ನೀವು ಕೇಳಬಹುದು. ದಾಂಡೇಲಿ ಹತ್ತಿರದ ನಮ್ಮ ಕುಳಗಿಯಂಥ ಕಾಡಿನೂರಲ್ಲಿ ಮಳೆಗಾಲದ ಒಂದು ವಾರ ಕಳೆದು ನೋಡಿ. ಮರ ಬಿದ್ದು ತಂತಿ ಹರಿದರೆ ಟಿ.ವಿ. ಬರೀ ಪೆಟ್ಟಿಗೆ, ಮೊಬೈಲಿನ ಚಾರ್ಜಾದರೂ ಎಷ್ಟು ಹೊತ್ತು? ಎರಡು ಸೆಲ್ಲು ಹಾಕಿದ ಟ್ರಾನ್ಸಿಸ್ಟರ್ ಮಾತ್ರ ದಿನಗಟ್ಟಲೆ ಮಾತಾಡುತ್ತದೆ.

ರೇಡಿಯೋಗೆ 'ಆಕಾಶವಾಣಿ' ಎಂಬ ಹೆಸರು ಕೊಟ್ಟದ್ದು ನಮ್ಮ ಕನ್ನಡ ನಾಡೇ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಕೇಂದ್ರ ತೆರೆದರು. ಆ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ನಮ್ಮ ಕಡೆಯವರ ಅಚ್ಚುಮೆಚ್ಚಿನ ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿಯಲ್ಲಿ.

ಗೃಹಿಣಿಗೆ ರೇಡಿಯೋ ಹಿಡಿಸಲು ಕಾರಣವುಂಟು. ಅದು ಕಣ್ಣನ್ನೂ ಕೈಯನ್ನೂ ಕಟ್ಟಿಹಾಕುವುದಿಲ್ಲ. ರೊಟ್ಟಿ ಬಡಿಯುತ್ತ, ಅಕ್ಕಿ ಆರಿಸುತ್ತ ಕೇಳಬಹುದು. ಅಕ್ಷರ ಬಾರದ ಅಜ್ಜಿಗೂ, ಕಾಲೇಜು ಓದಿದ ಸೊಸೆಗೂ ಸುದ್ದಿ ಒಂದೇ ಹೊತ್ತಿಗೆ ಮುಟ್ಟುತ್ತದೆ.

ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ನಮ್ಮ ಉತ್ತರ ಕನ್ನಡವನ್ನೂ ಕಾಡಿದೆ. ಹರಡುವುದು ಉಣ್ಣೆಹುಳದಿಂದ. ತರಗು, ಸೌದೆ ತರಲು ಕಾಡಿಗೆ ಹೋಗುವವಳು ಮೈ ತುಂಬ ಬಟ್ಟೆ ಹಾಕಬೇಕು, ಬಂದಕೂಡಲೇ ಬಿಸಿನೀರು, ಸೋಪಿನಲ್ಲಿ ಮೈ ತೊಳೆಯಬೇಕು, ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಬೇಕು. ಈ ನಾಲ್ಕು ಮಾತು ಹೊತ್ತಿಗೆ ಸರಿಯಾಗಿ ಕಿವಿಗೆ ಬಿದ್ದರೆ ಒಂದು ಜೀವ ಉಳಿದೀತು.

ಹಾಗೆಂದು ರೇಡಿಯೋ ಸರ್ವಶಕ್ತವಲ್ಲ. ಉಣ್ಣೆ ಹೇಗಿರುತ್ತದೆಂದು ಅದು ತೋರಿಸಲಾರದು. ಒಲೆಯ ಮೇಲೆ ಹಾಲುಕ್ಕಿ ನೀವು ಓಡಿದಿರೋ, ಹೇಳಿದ ಮಾತು ಹೋಯಿತು. "ಇನ್ನೊಮ್ಮೆ ಹೇಳಿ" ಅನ್ನುವ ಹಾಗಿಲ್ಲ. ಎಫ್.ಎಂ. ಅಲೆಗಳು ಹೆಚ್ಚುಕಡಿಮೆ ನೇರಕ್ಕೆ ಸಾಗುವುದರಿಂದ ಗುಡ್ಡದ ಮರೆಯಲ್ಲಿ ದನಿ ಸೊರಗುತ್ತದೆ. ಮೀಡಿಯಂ ವೇವ್ ನೆಲ ಹಿಡಿದು ದೂರ ಬರುತ್ತದೆ, ಆದರೆ ಗುಡುಗು ಮಿಂಚಿದ್ದರೆ ಬರೀ ಗೊರಗೊರ. ಎಲ್ಲಕ್ಕಿಂತ ದೊಡ್ಡ ಕೊರತೆ ಭಾಷೆಯದು. ನಮ್ಮ ಸುತ್ತಲಿನ ಸಿದ್ದಿ, ಕುಣಬಿ, ಗೌಳಿ ಹೆಂಗಸರು ಮನೆಯಲ್ಲಿ ಆಡುವುದು ಕೊಂಕಣಿ, ಮರಾಠಿ ಬೆರೆತ ಮಾತು. ಗ್ರಾಂಥಿಕ ಕನ್ನಡದ ಸಲಹೆ ಅವರ ಕಿವಿ ಮುಟ್ಟಿದರೂ ಮನ ಮುಟ್ಟೀತೇ?

ಇಲ್ಲಿ ನಮ್ಮ ಕೆಲಸವೂ ಇದೆ, ಸೋದರಿಯರೇ. ಮೀಡಿಯಂ ವೇವ್ ಸರಿಯಾಗಿ ಕೇಳದಿದ್ದರೆ ಸೆಟ್ಟನ್ನೇ ಮೆಲ್ಲಗೆ ತಿರುಗಿಸಿ. ಅದರ ಏರಿಯಲ್ ಒಳಗೇ ಇರುವುದರಿಂದ ದಿಕ್ಕು ಬದಲಾದರೆ ದನಿ ತಿಳಿಯಾಗುತ್ತದೆ. ಹತ್ತಿರ ಒಂದು ಪುಸ್ತಕ, ಪೆನ್ಸಿಲ್ ಇಟ್ಟುಕೊಂಡು ಔಷಧದ ಹೆಸರು, ಶಿಬಿರದ ದಿನ ಗುರುತು ಹಾಕಿ. ತಿಳಿಯದ್ದನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ. ಕೇಳಿದ್ದನ್ನು ಪಕ್ಕದ ಮನೆಯವಳಿಗೆ ಅವಳ ಮಾತಿನಲ್ಲೇ ಹೇಳಿ. ಏನು ಬೇಕು, ಯಾವ ಭಾಷೆಯಲ್ಲಿ ಬೇಕು ಎಂದು ಕೇಂದ್ರಕ್ಕೆ ನಾಲ್ಕು ಸಾಲು ಬರೆಯಿರಿ. ನಾವು ಬರೆಯದಿದ್ದರೆ ಕಾಡಿನಲ್ಲೂ ಕೇಳುವವರಿದ್ದಾರೆಂದು ಅವರಿಗೆ ತಿಳಿಯುವುದಾದರೂ ಹೇಗೆ?